ಫೇರ್‌ಬ್ಯಾಂಕ್ಸ್ ಮನೆ: ಕೆಡವದೆ ಕೂಡಿಸುತ್ತ ಹೋದ ಮರದ ಮನೆಯ ಬೆಲೆ

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ, ಬಾಸ್ಟನ್ನಿಗೆ ನೈಋತ್ಯದಲ್ಲಿ ಡೆಡಮ್ ಎಂಬ ಊರಿದೆ. ಅಲ್ಲಿನ ಈಸ್ಟ್ ಸ್ಟ್ರೀಟಿನ ಮಗ್ಗುಲಲ್ಲಿ ಕಂದು ಹಲಗೆ ಹೊದ್ದ ಮರದ ಮನೆಯೊಂದು ನಿಂತಿದೆ. ಮಾಡಿನ ನೆತ್ತಿಗೆರೆ ನೆಟ್ಟಗಿಲ್ಲ, ನಡುವೆ ತಗ್ಗಿದೆ. ಎಡಬಲಕ್ಕೆ ಬೇರೆ ಕಾಲದಲ್ಲಿ ಸೇರಿಕೊಂಡ ಎರಡು ರೆಕ್ಕೆಗಳಿಗೆ ಬೇರೆಯದೇ ಆಕಾರದ ಮಾಡು. ಮೊದಲ ನೋಟಕ್ಕೆ ಇದನ್ನು ಚೆನ್ನಾಗಿ ಉಳಿದ ಕಟ್ಟಡ ಎನ್ನಲು ಯಾರಿಗೂ ಮನಸ್ಸಾಗದು. ಆದರೂ ಮರದ ಚೌಕಟ್ಟಿನ ಮನೆಗಳಲ್ಲಿ, ಕಾಲ ಖಚಿತವಾಗಿ ಗೊತ್ತಾದವುಗಳ ಪೈಕಿ, ಇಡೀ ಉತ್ತರ ಅಮೆರಿಕದಲ್ಲಿ ಉಳಿದಿರುವ ಅತಿ ಹಳೆಯದು ಇದೇ. ಹೆಸರು ಫೇರ್‌ಬ್ಯಾಂಕ್ಸ್ ಮನೆ.

ಇಂಗ್ಲೆಂಡಿನ ಯಾರ್ಕ್‌ಶೈರ್‌ನಿಂದ 1633ರಲ್ಲಿ ಹೆಂಡತಿ ಗ್ರೇಸ್ ಮತ್ತು ಮಕ್ಕಳೊಂದಿಗೆ ಬಂದ ಜೊನಾಥನ್ ಫೇರ್‌ಬ್ಯಾಂಕ್ಸ್ ಕಟ್ಟಿಸಿದ್ದು. ಅದೇ ಮನೆತನದ ಎಂಟು ತಲೆಮಾರು ಇದರಲ್ಲಿ ಬಾಳಿತು. 20ನೆಯ ಶತಮಾನದ ಆರಂಭದಲ್ಲಿ ಕೊನೆಯವರು ಹೊರಬಿದ್ದ ಮೇಲೆ ವಂಶಜರ ಸಂಘವೊಂದು ಇದನ್ನು ವಸ್ತುಸಂಗ್ರಹಾಲಯವಾಗಿ ನಡೆಸುತ್ತಿದೆ.

ಪಾರಂಪರಿಕ ಕಟ್ಟಡಗಳ ಬೆಲೆ ಕಟ್ಟುವಾಗ ‘ಅತಿ ಹಳೆಯದು’ ಎಂಬ ಬಿರುದಿಗೆ ಎಲ್ಲರೂ ಬೀಳುತ್ತಾರೆ. ಈ ಪ್ರಕರಣದಲ್ಲಿ ಆ ಬಿರುದು ಬೆಲೆಯ ಒಂದು ಪಾಲು, ಅದೂ ದೊಡ್ಡ ಪಾಲಲ್ಲ. ನಾಳೆ ಇನ್ನೊಂದು ಮನೆ ಇದಕ್ಕಿಂತ ಐದು ವರ್ಷ ಹಳೆಯದೆಂದು ಸಾಬೀತಾದರೆ ಬಿರುದು ಅಲ್ಲಿಗೆ ಹೋಗುತ್ತದೆ. ಮನೆಯೊಳಗಿನ ಸಾಕ್ಷ್ಯ ಎಲ್ಲಿಗೂ ಹೋಗುವುದಿಲ್ಲ. ಹಳೆಯದನ್ನು ಕಿತ್ತು ಹೊಸದನ್ನು ಹಾಕುವ ಬದಲು ಹಳೆಯದರ ಪಕ್ಕಕ್ಕೆ ಹೊಸದನ್ನು ಸೇರಿಸುತ್ತ ಬಂದಿದ್ದರಿಂದ ಆ ಸಾಕ್ಷ್ಯ ಉಳಿಯಿತು. ಈ ಬರಹ ನೋಡುವುದು ಅದನ್ನೇ: ಸಾಕ್ಷ್ಯ ಮರದ ಯಾವ ಭಾಗದಲ್ಲಿದೆ, ಯಾವ ರಿಪೇರಿ ಅದನ್ನು ಉಳಿಸುತ್ತದೆ, ಯಾವುದು ತಿಂದುಹಾಕುತ್ತದೆ.

ಚೌಕಟ್ಟು ಏನು ಹೇಳುತ್ತದೆ

ಮೂಲ ಮನೆಯ ನಕ್ಷೆ ಸರಳ. ನಡುವೆ ದೊಡ್ಡ ಇಟ್ಟಿಗೆಯ ಚಿಮಣಿ, ಅದರ ಒಂದು ಬದಿಗೆ ಅಡುಗೆ, ಊಟ, ಕೆಲಸ ಎಲ್ಲ ನಡೆಯುವ ಹಾಲ್, ಇನ್ನೊಂದು ಬದಿಗೆ ಪಾರ್ಲರ್. ಮುಂಬಾಗಿಲು ತೆರೆದರೆ ಎದುರಿಗೆ ಚಿಮಣಿಯ ಬೆನ್ನು, ಅದಕ್ಕೊರಗಿ ಮೆಟ್ಟಿಲು. ಮೇಲೆ ಎರಡು ಕೋಣೆ, ಅದರ ಮೇಲೆ ಅಟ್ಟ. ಮ್ಯಾಸಚೂಸೆಟ್ಸ್ ಸೇರಿದ ನ್ಯೂ ಇಂಗ್ಲೆಂಡ್ ಸೀಮೆಯ ಚಳಿಗೆ ಈ ವ್ಯವಸ್ಥೆ ಒಗ್ಗುತ್ತದೆ. ಒಂದೇ ಚಿಮಣಿಯ ಕಾವು ನಾಲ್ಕೂ ಕೋಣೆಗೆ ಸಿಗುತ್ತದೆ, ಹೊರಗೋಡೆಗೆ ಪೋಲಾಗುವುದಿಲ್ಲ.

ಚೌಕಟ್ಟು ಓಕ್ ಮರದ್ದು. ನೆಲದ ಕಲ್ಲಿನ ತಳಪಾಯದ ಮೇಲೆ ಅಡಿತೊಲೆ, ಅದರ ಮೇಲೆ ಮೂಲೆಗಂಬಗಳು, ಕಂಬಗಳ ತಲೆಗೆ ಅಡ್ಡತೊಲೆ. ಕೋಣೆಯ ನಡುವೆ ಹಾಯುವ ದಪ್ಪ ತೊಲೆಯನ್ನು ಅಲ್ಲಿಯ ಬಡಗಿಗಳು ಸಮ್ಮರ್ ಬೀಮ್ ಎನ್ನುತ್ತಿದ್ದರು. ನಾವು ನಡುತೊಲೆ ಎಂದರೆ ಸಾಕು. ಇಂಥ ಮನೆಗಳಲ್ಲಿ ಅದು ಒಂದಡಿಯ ಆಸುಪಾಸು ಅಗಲವಿರುತ್ತದೆ. ಮೇಲಂತಸ್ತಿನ ಜಂತೆಗಳ ತುದಿ ಅದರ ಮೈಗೆ ಕೊರೆದ ಕಿಂಡಿಗಳಲ್ಲಿ ಕೂರುತ್ತವೆ. ನಡುತೊಲೆಯ ಕೆಳ ಅಂಚುಗಳನ್ನು ಇಳಿಜಾರಾಗಿ ಕೆತ್ತಿ, ತುದಿಗೆ ಬರುವಷ್ಟರಲ್ಲಿ ಕೆತ್ತನೆಯನ್ನು ಒಂದು ತಿರುವಿನಲ್ಲಿ ನಿಲ್ಲಿಸುವ ಪದ್ಧತಿ ಆ ಕಾಲದ್ದು. ಆ ತಿರುವಿನ ಆಕಾರ ಊರಿಂದೂರಿಗೆ, ಬಡಗಿಯಿಂದ ಬಡಗಿಗೆ ಬದಲಾಗುತ್ತದೆ. ಬಡಗಿ ಯಾವ ಸೀಮೆಯಲ್ಲಿ ಕಸಬು ಕಲಿತವನು ಎಂದು ಊಹಿಸಲು ತಿಳಿದವರು ಮೊದಲು ಕೈಯಾಡಿಸುವುದು ಅಲ್ಲಿಗೆ.

ಆ ಕಾಲದ ಮನೆಗಳ ಕಂಬಗಳಲ್ಲಿ ಇನ್ನೊಂದು ಗುರುತಿದೆ. ಕಂಬ ಬುಡಕ್ಕಿಂತ ತಲೆಯಲ್ಲಿ ದಪ್ಪ. ಕಂಬದ ತಲೆಯಲ್ಲಿ ಎರಡು ದಿಕ್ಕಿನಿಂದ ಬರುವ ತೊಲೆಗಳು ಒಂದೇ ಕಡೆ ಕೂಡಬೇಕು, ಅಷ್ಟು ಜೋಡಣೆಗೆ ಮರ ಬೇಕು. ಹಾಗಾಗಿ ಮರದ ದಪ್ಪ ಬುಡವನ್ನು ತಲೆಕೆಳಗಾಗಿಸಿ ಮೇಲೆ ತಂದರು. ಜೋಡಣೆ ಹೀಗೆ: ಒಂದು ಮರದ ತುದಿಯನ್ನು ನಾಲಿಗೆಯಾಗಿ ಕೆತ್ತಿ ಇನ್ನೊಂದರ ಕಿಂಡಿಗೆ ತೂರಿಸುವುದು, ಅಡ್ಡಲಾಗಿ ಓಕಿನ ಗೂಟ ಹೊಡೆಯುವುದು. ನಾಲಿಗೆಯ ತೂತನ್ನು ಕಿಂಡಿಯ ತೂತಿಗಿಂತ ಸುಮಾರು 3 ಮಿಲಿಮೀಟರ್ ನಾಲಿಗೆಯ ಬುಡದ ಕಡೆಗೆ ಸರಿಸಿ ಕೊರೆದಿರುತ್ತಾರೆ. ಗೂಟ ಒಳಹೋಗುತ್ತ ಕೀಲನ್ನು ಎಳೆದು ಬಿಗಿ ಮಾಡುತ್ತದೆ. ಮರ ಒಣಗಿ ಕುಗ್ಗಿದ ಮೇಲೂ ಆ ಬಿಗಿ ಉಳಿಯುತ್ತದೆ.

ಓಕನ್ನು ಹಸಿಯಾಗಿಯೇ ಕೆತ್ತುತ್ತಿದ್ದರು, ಒಣಗಿದ ಓಕಿಗೆ ಉಳಿ ನಾಟುವುದು ಕಷ್ಟ. ಹಸಿ ಓಕ್ ಒಣಗುವಾಗ ಉಂಗುರಗಳ ಸುತ್ತಿನ ದಿಕ್ಕಿನಲ್ಲಿ ಕುಗ್ಗುವುದು, ನಡುವಿನಿಂದ ಹೊರಕ್ಕೆ ಹೋಗುವ ದಿಕ್ಕಿಗಿಂತ ಹೆಚ್ಚುಕಡಿಮೆ ಇಮ್ಮಡಿ. ಉದ್ದಕ್ಕೆ ಕುಗ್ಗುವುದೇ ಇಲ್ಲ ಎನ್ನಬಹುದು. ಹಾಗಾಗಿ ಚೌಕ ತೊಲೆ ಚೌಕವಾಗಿ ಉಳಿಯುವುದಿಲ್ಲ, ಮೈಮೇಲೆ ಉದ್ದುದ್ದ ಬಿರುಕು ಬೀಳುತ್ತದೆ. ಈ ಬಿರುಕು ನೋಡಿ ಗಾಬರಿಯಾಗಿ ಕಬ್ಬಿಣದ ಪಟ್ಟಿ ಬಿಗಿಯುವವರಿದ್ದಾರೆ. ನಾರಿನ ಉದ್ದಕ್ಕೆ ಹೋಗುವ ಒಣಬಿರುಕು ಸಾಮಾನ್ಯವಾಗಿ ತೊಲೆಯ ಬಲಕ್ಕೆ ಕುತ್ತಲ್ಲ. ನಾರನ್ನು ಅಡ್ಡ ಕತ್ತರಿಸುವ ಬಿರುಕು, ಕೀಲಿನ ಒಳಗೆ ಹೊಕ್ಕ ಬಿರುಕು ಇದ್ದರೆ ಮಾತ್ರ ತಲೆ ಕೆಡಿಸಿಕೊಳ್ಳಬೇಕು.

ಕಾಲ ಗೊತ್ತಾದದ್ದು ಹೇಗೆ

ಮನೆ 1636ರದ್ದು ಎಂಬುದು ಬಹುಕಾಲದ ವಾಡಿಕೆ, ಹಳೆಯ ಚಿತ್ರಕಾರ್ಡುಗಳಲ್ಲೂ ಅದೇ ಅಚ್ಚಾಗಿತ್ತು. ಊರು ಹುಟ್ಟಿದ ವರ್ಷವನ್ನೇ ಊರಿನ ಹಳೆಯ ಮನೆಗೆ ಅಂಟಿಸುವುದು ಎಲ್ಲ ಕಡೆ ನಡೆಯುವಂಥದ್ದು. 2000ದ ದಶಕದ ಆರಂಭದಲ್ಲಿ, ಮರದ ಉಂಗುರಗಳಿಂದ ಕಾಲ ಹೇಳುವ ಆಕ್ಸ್‌ಫರ್ಡ್ ಡೆಂಡ್ರೊಕ್ರೊನಾಲಜಿ ಲ್ಯಾಬೊರೇಟರಿ ನ್ಯೂ ಇಂಗ್ಲೆಂಡಿನ ಹಳೆಯ ಮನೆಗಳ ಮರ ಪರೀಕ್ಷಿಸಿದಾಗ ಇದಕ್ಕೂ ಸರದಿ ಬಂತು. ಚೌಕಟ್ಟಿನ ಮರ ಕಡಿದದ್ದು 1637ರಿಂದ 1641ರ ನಡುವೆ ಎಂದು ತಿಳಿಯಿತು. ವಾಡಿಕೆ ಪೂರ್ತಿ ಸುಳ್ಳಾಗಲಿಲ್ಲ, ಆದರೆ ಒಂದು ವರ್ಷದ ಜಾಗದಲ್ಲಿ ನಾಲ್ಕೈದು ವರ್ಷಗಳ ಹರವು ಸಿಕ್ಕಿತು.

ಈ ಹರವೇ ಒಂದು ಸುದ್ದಿ. ಒಂದೇ ಮರದ ಮೇಲೆ ಕಾಲ ನಿರ್ಣಯಿಸಿದ್ದರೆ 1637 ಎಂದೋ 1641 ಎಂದೋ ಹೇಳಿ ಕೈತೊಳೆದುಕೊಳ್ಳಬಹುದಿತ್ತು. ಹಲವು ತೊಲೆಗಳಿಂದ ಮಾದರಿ ತೆಗೆದಿದ್ದರಿಂದಲೇ ಕೆಲವು ಮರ ಮೊದಲೇ ಕಡಿದವು, ಕೆಲವು ಆಮೇಲಿನವು ಎಂದು ಕಂಡಿತು. ಕಾಡು ಕಡಿದು ಹೊಸ ಊರು ಮಾಡುವವರಿಗೆ ಮರ ಬಿದ್ದಿರುತ್ತದೆ, ಕೆಲಸಗಾರರ ಬಿಡುವು ಸಿಗಬೇಕು, ಸಾಗಿಸಲು ಚಳಿಗಾಲ ಬರಬೇಕು. ಒಟ್ಟುಹಾಕಿದ ಮರದ ವರ್ಷವನ್ನೇ ಮನೆ ಎದ್ದ ವರ್ಷ ಎನ್ನಲಾಗದು. ಚೌಕಟ್ಟಿನಲ್ಲಿರುವ ಮರಗಳಲ್ಲಿ ಎಲ್ಲಕ್ಕಿಂತ ಆಮೇಲೆ ಕಡಿದದ್ದು ಯಾವುದೋ, ಚೌಕಟ್ಟು ಪೂರ್ತಿಯಾದದ್ದು ಅದಕ್ಕಿಂತ ಮೊದಲಲ್ಲ.

ಕ್ರಮ ಹೀಗಿದೆ. 10ರಿಂದ 16 ಮಿಲಿಮೀಟರ್ ವ್ಯಾಸದ ಟೊಳ್ಳು ಬೈರಿಗೆಯಿಂದ ತೊಲೆಯ ಹೊರಮೈಯಿಂದ ನಡುವಿನ ಕಡೆಗೆ ಕೊರೆದು ಕಡ್ಡಿಯಷ್ಟು ಮರ ತೆಗೆಯುತ್ತಾರೆ. ಉಜ್ಜಿ ನುಣುಪು ಮಾಡಿ ಸೂಕ್ಷ್ಮದರ್ಶಕದಡಿ ಒಂದೊಂದು ಉಂಗುರದ ಅಗಲ ಅಳೆಯುತ್ತಾರೆ. ಮಳೆ ಚೆನ್ನಾಗಿದ್ದ ವರ್ಷ ಅಗಲ, ಬರದ ವರ್ಷ ಸಣ್ಣ. ಒಂದೇ ಸೀಮೆಯ ಮರಗಳಲ್ಲಿ ಈ ಏರಿಳಿತ ಹೊಂದುತ್ತದೆ. ಬದುಕಿರುವ ಮರಗಳಿಂದ ಹಿಂದಕ್ಕೆ ಪೋಣಿಸುತ್ತ ಹೋದ ಪ್ರಾದೇಶಿಕ ಸರಣಿಯ ಪಕ್ಕ ಇಟ್ಟು ಹೊಂದಿಕೆ ಹುಡುಕುತ್ತಾರೆ. ಕನಿಷ್ಠ 50 ಉಂಗುರವಾದರೂ ಇರಬೇಕು, 80 ದಾಟಿದರೆ ನಂಬಿಕೆ ಹೆಚ್ಚು.

ಆದರೆ ಕಡಿದ ವರ್ಷ ಹೇಳಬೇಕಾದರೆ ತೊಗಟೆಯ ಕೆಳಗಿನ ಕೊನೆಯ ಉಂಗುರ ಬೇಕೇ ಬೇಕು. ಓಕಿನಲ್ಲಿ ನಡುವೆ ಕೆಚ್ಚು, ಹೊರಗೆ ಬಿಳಿಮರ. ಬಡಗಿ ಚೌಕ ಮಾಡುವಾಗ ಬಿಳಿಮರ ಬಹುಪಾಲು ಚಕ್ಕೆಯಾಗಿ ಹೋಗುತ್ತದೆ. ಮೂಲೆಗಳಲ್ಲಿ, ಮರ ತುಸು ಸಣ್ಣದಾದ ಕಡೆ, ದುಂಡಗಿನ ಅಂಚು ಉಳಿದಿರುತ್ತದೆ. ಅಲ್ಲಿ ಕೊನೆಯ ಉಂಗುರ ಪೂರ್ತಿಯಾಗಿದ್ದರೆ ಚಳಿಗಾಲದಲ್ಲಿ ಕಡಿದದ್ದು, ವಸಂತದ ದೊಡ್ಡ ರಂಧ್ರಗಳಷ್ಟೇ ಕಂಡರೆ ವಸಂತದಲ್ಲಿ ಕಡಿದದ್ದು. ಬಿಳಿಮರ ಇಲ್ಲವೇ ಇಲ್ಲ ಎಂದಾದರೆ ‘ಇಂಥ ವರ್ಷದ ನಂತರ’ ಎನ್ನಬಹುದೇ ಹೊರತು ಮುಂದಿನ ಮಾತಿಲ್ಲ.

ಅಂದರೆ ಮನೆಯ ಕಾಲವನ್ನು ಹೇಳುವ ಸಾಕ್ಷ್ಯ, ತೊಲೆಯ ಮೂಲೆಯಲ್ಲಿ ಒಂದೆರಡು ಸೆಂಟಿಮೀಟರ್ ದಪ್ಪದ, ಮೊದಲು ಹುಳು ಹಿಡಿಯುವ, ನೋಡಲು ಕೊಳಕಾದ ಅಂಚಿನಲ್ಲಿದೆ. ರಿಪೇರಿಗೆ ಬಂದವರು ಮೊದಲು ಕೆರೆದು ತೆಗೆಯುವುದೂ ಅದನ್ನೇ. ಹುಳು ತಿಂದ ಬಿಳಿಮರವನ್ನು ಬಾಚಿಯಿಂದ ಹೆರೆದು ‘ಗಟ್ಟಿ ಮರ’ ಕಾಣುವವರೆಗೆ ಹೋಗುವುದು ಅನೇಕ ಕಡೆ ಒಳ್ಳೆಯ ಕೆಲಸವೆಂದೇ ಹೆಸರು ಮಾಡಿದೆ. ಹಾಗೆ ಹೆರೆದ ಮನೆಗೆ ಹುಟ್ಟಿದ ವರ್ಷ ಹೇಳಲು ಮುಂದೆಂದೂ ಸಾಧ್ಯವಾಗದು.

ಪದರಗಳು

ಮೂಲ ಮನೆಯ ಹಿಂಬದಿಗೆ ಮುಂದೆ ಚಾಚುಮಾಡಿನ ಕೋಣೆಗಳು ಸೇರಿದವು. ಮುಂದೆ ಎರಡಂತಸ್ತು, ಹಿಂದೆ ನೆಲದ ಹತ್ತಿರದವರೆಗೂ ಇಳಿಯುವ ಮಾಡು. ಆಮೇಲೆ ಸಂಸಾರ ಬೆಳೆದಂತೆ ಪೂರ್ವಕ್ಕೊಂದು, ಪಶ್ಚಿಮಕ್ಕೊಂದು ರೆಕ್ಕೆ. ಇವುಗಳ ಮಾಡು ಎರಡು ಹಂತದಲ್ಲಿ ಮುರಿದು ಇಳಿಯುವ ಗ್ಯಾಂಬ್ರೆಲ್ ಮಾದರಿ, 17ನೆಯ ಶತಮಾನದ ನೆಟ್ಟನೆಯ ಕಡಿದಾದ ಮಾಡಿಗೂ ಅದಕ್ಕೂ ಹೊಂದಿಕೆಯಿಲ್ಲ. ಹೊಂದಿಸುವ ಪ್ರಯತ್ನವನ್ನೂ ಯಾರೂ ಮಾಡಿಲ್ಲ.

ಚಾಚುಮಾಡಿನಿಂದಾದ ಉಪಕಾರ ದೊಡ್ಡದು. ಮನೆಯ ಹಿಂದಿನ ಹೊರಗೋಡೆ ಏಕಾಏಕಿ ಒಳಗೋಡೆಯಾಗುತ್ತದೆ. ಮಳೆ, ಹಿಮ, ಬಿಸಿಲು ಅಲ್ಲಿಗೆ ನಿಂತುಹೋಗುತ್ತವೆ. ಮುಂದಿನ ಗೋಡೆಯ ಹಲಗೆಗಳನ್ನು ತಲೆಮಾರಿಗೊಮ್ಮೆ ಬದಲಿಸಲೇಬೇಕು, ಹಿಂದಿನದ್ದನ್ನು ಬದಲಿಸಲು ಕಾರಣವೇ ಇರುವುದಿಲ್ಲ. ಹಾಗಾಗಿ ಈ ಬಗೆಯ ಮನೆಗಳ ಮೊದಲ ಹೊರಹಲಗೆ, ಮೊದಲ ಕಿಟಕಿಯ ಚೌಕಟ್ಟು, ಮೊಳೆಯ ತೂತು ಏನಾದರೂ ಉಳಿದಿದ್ದರೆ ಚಾಚುಮಾಡಿನ ಅಟ್ಟದಲ್ಲಿ, ಕತ್ತಲಲ್ಲಿ ಸಿಗುತ್ತದೆ. ಹಿಂದಿನ ಚಾಚು ಮೂಲದ್ದಲ್ಲ ಎಂದು ಕಿತ್ತುಹಾಕಿದರೆ ಮೂಲವನ್ನು ಕಾದುಕೊಂಡಿದ್ದ ಕೊಡೆಯನ್ನೇ ಮಡಚಿದಂತೆ.

ಕಣ್ಣಿಗೆ ಬೀಳದ ಇನ್ನೊಂದು ಪದರವಿದೆ. ಚಿಮಣಿಯ ಬಳಿ, ತೊಲೆಗಳ ಮೈಮೇಲೆ ಕೆಡುಕು ಒಳಬರದಿರಲೆಂದು ಗೀರಿದ ಗುರುತುಗಳು ಈ ಮನೆಯಲ್ಲಿ ಕಂಡಿವೆ. ಬಾಗಿಲು, ಕಿಟಕಿ, ಚಿಮಣಿ, ಹೊರಗಿನಿಂದ ಒಳಕ್ಕೆ ದಾರಿಯಿರುವ ಜಾಗಗಳಲ್ಲಿ ಇಂಥವು ಸಿಗುವುದು ವಾಡಿಕೆ. ಕೈವಾರದಿಂದ ಗೀರಿದ ಆರೆಸಳಿನ ಹೂವು ಹೆಚ್ಚು ಪರಿಚಿತ. ಗೀರು ಅರ್ಧ ಮಿಲಿಮೀಟರ್ ಆಳವೂ ಇರುವುದಿಲ್ಲ. ನೇರ ಬೆಳಕಿನಲ್ಲಿ ಕಾಣದು. ಟಾರ್ಚನ್ನು ತೊಲೆಯ ಮೈಗೆ ತಾಗಿಸಿ ಓರೆಯಾಗಿ ಬೆಳಕು ಹಾಯಿಸಿದರೆ ಎದ್ದು ಕಾಣುತ್ತದೆ. ಒಮ್ಮೆ ಸ್ಯಾಂಡ್‌ಪೇಪರ್ ಉಜ್ಜಿದರೆ, ಒಮ್ಮೆ ಮರಳು ಸಿಂಪಡಿಸಿ ಸ್ವಚ್ಛ ಮಾಡಿದರೆ ಮುಗಿಯಿತು. ಗೋಡೆಗಳ ಒಳಗಿನ ತಡಿಕೆ ಮತ್ತು ಮಣ್ಣಿನ ಮೆತ್ತನೆಗೂ ಇದೇ ಮಾತು. ನಿರೋಧಕ ತುಂಬುತ್ತೇವೆಂದು ಮಣ್ಣು ಕೆಡವಿದರೆ ಆ ಮಣ್ಣಿನಲ್ಲಿ ಸಿಕ್ಕ ಹುಲ್ಲು, ಬೀಜ, ಬೆರಳಚ್ಚು ಕಸದ ಗಾಡಿಗೆ ಹೋಗುತ್ತದೆ.

ಇನ್ನೆರಡು ಮನೆಗಳನ್ನು ಪಕ್ಕಕ್ಕಿಟ್ಟು ನೋಡಿದರೆ ಇಲ್ಲಿಯ ನಿರ್ಧಾರದ ತೂಕ ತಿಳಿಯುತ್ತದೆ. ಬಾಸ್ಟನ್ನಿನ ಪಾಲ್ ರಿವಿಯರ್ ಮನೆ ಸುಮಾರು 1680ರದ್ದು. ಅಮೆರಿಕದ ಸ್ವಾತಂತ್ರ್ಯ ಹೋರಾಟದಲ್ಲಿ ಹೆಸರಾದ ರಿವಿಯರ್ ಅದರ ಒಡೆಯನಾಗಿದ್ದು 1770ರಿಂದ 1800ರವರೆಗೆ. ಆ ಹೊತ್ತಿಗೆ ಮನೆಗೆ ಮೂರನೆಯ ಅಂತಸ್ತು ಬಂದಾಗಿತ್ತು. 1908ರಲ್ಲಿ ಮುಗಿದ ಜೀರ್ಣೋದ್ಧಾರದಲ್ಲಿ ಆ ಅಂತಸ್ತನ್ನು ತೆಗೆದು 17ನೆಯ ಶತಮಾನದ ಕೊನೆಯ ರೂಪ ಕೊಟ್ಟರು. ಯಾರ ಹೆಸರಿಗಾಗಿ ಮನೆ ಉಳಿಯಿತೋ ಅವನು ಬಾಳಿದ ರೂಪ ಉಳಿಯಲಿಲ್ಲ. ಜಪಾನಿನ ಕೋಬೆಯಲ್ಲಿರುವ ಹಾಕೋಗಿ ಮನೆಯದು ಬೇರೆ ಕಥೆ. ದೊಂದೊ ಅಣೆಕಟ್ಟಿನ ನೀರು ಬರುವುದೆಂದು 1970ರ ದಶಕದ ಕೊನೆಯಲ್ಲಿ ಅದನ್ನು ಬಿಚ್ಚಿ ಪಕ್ಕದ ಎತ್ತರಕ್ಕೆ ಸಾಗಿಸಿದರು. ಬಿಚ್ಚಿದಾಗ, ಒಂದೇ ಎಂದುಕೊಂಡಿದ್ದ ಮನೆ ಮೊದಲು ಎರಡಾಗಿತ್ತೆಂದು ತಿಳಿಯಿತು. ಮರಳಿ ಕಟ್ಟುವಾಗ ಎರಡಾಗಿಯೇ ನಿಲ್ಲಿಸಿದರು. ಅಲ್ಲಿ ಬಿಚ್ಚುವುದು ಅನಿವಾರ್ಯವಾಗಿತ್ತು, ಕೀಲು ಕೀಲೂ ದಾಖಲಾಯಿತು, ಆದ್ದರಿಂದ ನಷ್ಟಕ್ಕೆ ಬದಲಾಗಿ ತಿಳಿವಳಿಕೆ ಸಿಕ್ಕಿತು. ಬಾಸ್ಟನ್ನಿನಲ್ಲಿ ಅಂಥ ಅನಿವಾರ್ಯ ಇರಲಿಲ್ಲ.

ಫೇರ್‌ಬ್ಯಾಂಕ್ಸ್ ಮನೆಯನ್ನು 1641ಕ್ಕೆ ಹಿಂದಿರುಗಿಸುವ ಕೆಲಸಕ್ಕೆ ಯಾರೂ ಕೈಹಾಕಲಿಲ್ಲ. ರೆಕ್ಕೆಗಳು, ಚಾಚು, ಆಮೇಲಿನ ಗೋಡೆಹಲಗೆ ಎಲ್ಲ ಇದ್ದಲ್ಲೇ ಇವೆ. ನಮ್ಮ ಪ್ರಕಾರ ಈ ಮನೆಯ ಬಗ್ಗೆ ಆದ ಅತ್ಯಂತ ಬೆಲೆಬಾಳುವ ತೀರ್ಮಾನ ಇದೇ, ಮತ್ತು ಇದಕ್ಕೆ ಖರ್ಚು ಏನೂ ಆಗಲಿಲ್ಲ.

ಕೈತಪ್ಪಲಿದ್ದ ಹೊತ್ತು

ಕೊನೆಯದಾಗಿ ಇಲ್ಲಿ ಬಾಳಿದವರು ರೆಬೆಕಾ ಫೇರ್‌ಬ್ಯಾಂಕ್ಸ್, ಮದುವೆಯಾಗದೆ ಉಳಿದವರು. 1892ರಲ್ಲಿ ಮನೆಗೆ ಸಿಡಿಲು ಬಡಿದು ಅವರ ನಾಯಿ ಸತ್ತಿತು. ಮುಂದಿನ ವರ್ಷಗಳಲ್ಲಿ ಮನೆ ಕುಟುಂಬದ ಕೈಬಿಟ್ಟು ಜಮೀನಿನ ವ್ಯವಹಾರದ ಪಾಲಾಗುವುದರಲ್ಲಿತ್ತು. ಬಾಸ್ಟನ್ನಿನ ಕಾಡ್‌ಮನ್ ಮನೆತನದ ತಾಯಿಮಗಳು ಹಣ ಕೊಟ್ಟು ಕೊಂಡು ಉಳಿಸಿದರು. ಅಲ್ಲಿಂದ ಅದು ವಂಶಜರ ಸಂಘಕ್ಕೆ ಬಂತು.

1960ರಲ್ಲಿ ರಾಷ್ಟ್ರೀಯ ಐತಿಹಾಸಿಕ ಹೆಗ್ಗುರುತು ಎಂಬ ಮನ್ನಣೆ ಸಿಕ್ಕಿತು. ಇದರ ಕಾನೂನು ಬಲವನ್ನು ಹೊರಗಿನವರು ಹೆಚ್ಚಾಗಿ ಅಂದಾಜಿಸುತ್ತಾರೆ. ಅಮೆರಿಕದಲ್ಲಿ ಈ ಪಟ್ಟಿಗೆ ಸೇರಿದ ಮಾತ್ರಕ್ಕೆ ಖಾಸಗಿ ಒಡೆಯ ತನ್ನ ದುಡ್ಡಿನಲ್ಲಿ ಮನೆ ಬದಲಿಸುವುದನ್ನಾಗಲಿ ಕೆಡವುವುದನ್ನಾಗಲಿ ಕೇಂದ್ರ ಸರ್ಕಾರ ತಡೆಯಲಾರದು. ಕೇಂದ್ರದ ಹಣವೋ ಅನುಮತಿಯೋ ಬೇಕಾದ ಕೆಲಸಕ್ಕೆ ಮಾತ್ರ ಪರಿಶೀಲನೆ ಉಂಟು. ಮನೆಯನ್ನು ಕಾಯುವುದು ಒಡೆತನ ಯಾರ ಕೈಲಿದೆ, ಅವರ ನಿಯಮಾವಳಿ ಏನು ಎಂಬುದು. ಹೀಗಾಗಿ ಬೆಲೆ ಕಟ್ಟುವ ಕಡತದಲ್ಲಿ ಒಡೆತನದ ಹಾಳೆಯೂ ಇರಬೇಕು.

ಎಲ್ಲಿ ಕೆಡುತ್ತದೆ, ಯಾಕೆ

ಇಂಥ ಮನೆಯಲ್ಲಿ ಮೊದಲು ಹೋಗುವುದು ಅಡಿತೊಲೆ. ಕಾರಣ ಮರದ್ದಲ್ಲ, ನೆಲದ್ದು. ಎಲೆ ಬಿದ್ದು ಕೊಳೆತು, ಹೂಪಾತಿ ಮಾಡಿ, ದಾರಿಗೆ ಮಣ್ಣು ಸುರಿದು, ಶತಮಾನಗಳಲ್ಲಿ ನೆಲಮಟ್ಟ ಏರುತ್ತದೆ. ಒಂದು ಕಾಲಕ್ಕೆ ಮೊಣಕಾಲೆತ್ತರದಲ್ಲಿದ್ದ ತೊಲೆ ಮಣ್ಣಿಗೆ ತಾಗುತ್ತದೆ. ಸೂರಿನಿಂದ ಬಿದ್ದ ನೀರು ನೆಲಕ್ಕೆ ಬಡಿದು ಒಂದಡಿ ಎತ್ತರದವರೆಗೂ ಚಿಮ್ಮುತ್ತದೆ. ಒಳಗಿಂದ ನೆಲಮಾಳಿಗೆಯ ತೇವ.

ಮರದ ತೇವಾಂಶ 20 ಶೇಕಡಾ ಕೆಳಗಿದ್ದರೆ ಕೊಳೆಸುವ ಶಿಲೀಂಧ್ರ ಬೆಳೆಯಲಾರದು. 28-30ರ ಸುತ್ತ ನಾರು ನೀರು ಹೀರಿ ತುಂಬಿರುತ್ತದೆ, ಅಲ್ಲಿ ಶಿಲೀಂಧ್ರಕ್ಕೆ ಹಬ್ಬ. ಹಾಗಾಗಿ ಮೀಟರ್ ಹಿಡಿದು ಹೊರಡಬೇಕು, ಆದರೆ ಮೇಲ್ಮೈಗೆ ಚುಚ್ಚಿ ಓದಿದರೆ ಸಾಲದು. ಹೊದಿಕೆಯಿರುವ ಉದ್ದ ಮೊಳೆಯ ಮೀಟರಿನಿಂದ 25, 50 ಮಿಲಿಮೀಟರ್ ಆಳದಲ್ಲಿ ಓದಬೇಕು. ಉಪ್ಪು ಇಳಿದ ಮರದಲ್ಲಿ ಅಂಕೆ ಸುಳ್ಳೇ ಮೇಲೇರುತ್ತದೆ, ಒಲೆಯ ಪಕ್ಕದ ತೊಲೆಗಳಲ್ಲಿ ಇದು ಮಾಮೂಲು. ಮೀಟರ್ ಜೊತೆಗೆ ತೆಳು ದಬ್ಬಣ. ಗಟ್ಟಿ ಓಕಿಗೆ ಕೈಬಲದಿಂದ ಒತ್ತಿದರೆ ಒಂದೆರಡು ಮಿಲಿಮೀಟರ್ ಹೋದರೆ ಹೆಚ್ಚು. ಹತ್ತು ದಾಟಿತೆಂದರೆ ಕೊಳೆ. ಒಳಗಿನ ಸ್ಥಿತಿ ತಿಳಿಯಬೇಕಾದರೆ 3 ಮಿಲಿಮೀಟರ್ ತುದಿಯ ಸೂಜಿಬೈರಿಗೆ ಇಳಿಸಿ ಪ್ರತಿರೋಧದ ಗೆರೆ ತೆಗೆಯುತ್ತಾರೆ. ಟೊಳ್ಳು ಬಂದಲ್ಲಿ ಗೆರೆ ನೆಲಕಚ್ಚುತ್ತದೆ.

ಮದ್ದು ಮೊದಲು ಹೊರಗೆ. ಸುತ್ತಲಿನ ಮಣ್ಣನ್ನು ತೊಲೆಯ ಕೆಳಗೆ 15-20 ಸೆಂಟಿಮೀಟರಿನಷ್ಟಾದರೂ ಇಳಿಸಬೇಕು, ನೀರು ಮನೆಯಿಂದ ಆಚೆ ಹರಿಯುವ ಹಾಗೆ ಓರೆ ಕೊಡಬೇಕು. ಅಗೆಯುವ ಮುನ್ನ ಪುರಾತತ್ವದವರನ್ನು ಕರೆಯಬೇಕು, ಮನೆಯ ಸುತ್ತಲ ಒಂದು ಗಜ ಮಣ್ಣಿನಲ್ಲಿ ಮಡಕೆಚೂರು, ಮೊಳೆ, ಗಾಜು ಎಂದು ಎಂಟು ತಲೆಮಾರು ಕೂತಿರುತ್ತದೆ. ತಳಪಾಯದ ಕಲ್ಲುಸಂದಿಗೆ ಸಿಮೆಂಟ್ ತುಂಬುವುದು ಬೇಡ, ಒಳಗಿಳಿದ ನೀರು ಹೊರಬರಲು ದಾರಿಯಿಲ್ಲದೆ ತೊಲೆಗೆ ಏರುತ್ತದೆ. ಸುಣ್ಣದ ಗಾರೆ ಸಾಕು. ಹಲಗೆಗಳ ಮೇಲೆ ಪ್ಲಾಸ್ಟಿಕ್ ಪೊರೆಯಂಥ ಬಣ್ಣವೂ ಬೇಡ.

ಇಷ್ಟಾದ ಮೇಲೆ ಒಂದು ವರ್ಷ ಕಾದು ಮತ್ತೆ ಅಳೆದರೆ, ಕತ್ತರಿಸಬೇಕೆಂದುಕೊಂಡಿದ್ದ ಅರ್ಧ ತೊಲೆ ಒಣಗಿ ನಿಂತಿರುತ್ತದೆ. ಕೊಳೆತು ಹೋದ ಭಾಗವಷ್ಟೇ ಬದಲಾಗಬೇಕು. ಮೇಲಿನ ಭಾರವನ್ನು ಜಾಕಿಗಳ ಮೇಲೆ ತೆಗೆದುಕೊಳ್ಳುವಾಗ 2-3 ಮಿಲಿಮೀಟರ್ ಎತ್ತಿದರೆ ಸಾಕು. ಗಟ್ಟಿ ಮರ ಸಿಗುವವರೆಗೆ ಮಾತ್ರ ಕತ್ತರಿಸಿ, ಹೊಸ ತುಂಡನ್ನು ಓರೆ ಜೋಡಣೆಯಿಂದ ಬೆಸೆಯಬೇಕು. ಜೋಡಣೆಯ ಉದ್ದ ತೊಲೆಯ ಎತ್ತರದ ಮೂರರಿಂದ ನಾಲ್ಕು ಪಟ್ಟು. ಬೋಲ್ಟ್ ಬೇಕಾದರೆ ಸ್ಟೇನ್‌ಲೆಸ್ ಸ್ಟೀಲಿನದೇ ಆಗಬೇಕು. ಓಕಿನಲ್ಲಿರುವ ಟ್ಯಾನಿನ್ ಎಂಬ ಒಗರು ಆಮ್ಲ ಸಾದಾ ಕಬ್ಬಿಣವನ್ನು ತಿನ್ನುತ್ತದೆ, ತುಕ್ಕು ಮರವನ್ನು ಕಪ್ಪಾಗಿಸಿ ಸೀಳುತ್ತದೆ. ಹೊಸ ಮರವೂ ಓಕೇ ಇರಬೇಕು, ಹಳೆಯದರ ತೇವಾಂಶಕ್ಕೆ ಹತ್ತಿರವಿರಬೇಕು. ಉಂಗುರ ದಟ್ಟವಾಗಿದ್ದಷ್ಟೂ ಮರ ಗಟ್ಟಿ ಎಂಬ ಮಾತು ಪೈನಿಗೆ ಸರಿ, ಓಕಿಗೆ ತಲೆಕೆಳಗು: ನಿಧಾನ ಬೆಳೆದ ಓಕಿನಲ್ಲಿ ವಸಂತದ ದೊಡ್ಡ ರಂಧ್ರಗಳೇ ಹೆಚ್ಚು. ಹಳೆಯ ಕಾಡಿನ ಓಕಿನ ಗುಣ ಇದ್ದದ್ದು ಗಂಟಿಲ್ಲದ ನೇರ ನಾರಿನಲ್ಲಿ. ಆರಿಸುವಾಗ ನೋಡಬೇಕಾದ್ದು ಅದನ್ನೇ.

ಕುಟ್ಟೆ ಹುಳುವಿನ ವಿಷಯದಲ್ಲಿ ತೂತಿನ ಲೆಕ್ಕ ಹಾಕಿ ಪ್ರಯೋಜನವಿಲ್ಲ, ತೂತು 200 ವರ್ಷ ಹಳೆಯದಿರಬಹುದು. ಚಳಿ ಮುಗಿಯುವಾಗ ತೊಲೆಯ ಕೆಳಗೆ ಕಪ್ಪು ಕಾಗದ ಹಾಸಿ ಬೇಸಿಗೆ ಕಳೆಯುವವರೆಗೆ ಬಿಡಬೇಕು. ಬಿಳಿಹಿಟ್ಟು ಉದುರಿದರೆ ಹುಳು ಜೀವಂತ. ತೂತಿನ ಅಂಚು ಹರಿತವಾಗಿ, ಒಳಗು ತಿಳಿಬಣ್ಣವಿದ್ದರೆ ಹೊಸದು. ಹುಳು ಬಹುಪಾಲು ಬಿಳಿಮರದಲ್ಲೇ ತಿರುಗುತ್ತದೆ, ಕೆಚ್ಚಿಗೆ ಹೋಗಬೇಕಾದರೆ ಮೊದಲು ಶಿಲೀಂಧ್ರ ಅದನ್ನು ಮೆತ್ತಗೆ ಮಾಡಿರಬೇಕು. ತೇವ ಇಳಿಸಿದರೆ ಹುಳುವೂ ಇಳಿಯುತ್ತದೆ. ಹೆರೆಯಬಾರದೆಂದು ಮೇಲೆ ಹೇಳಿದ ಮಾತು ಇಲ್ಲಿ ಮತ್ತೆ ಬೇಕು. ಪುಡಿಯಾದ ಬಿಳಿಮರವನ್ನು ಮೃದು ಬ್ರಶ್ಶಿನಿಂದ ಗುಡಿಸಿ ಬಿಡಬೇಕು, ಅದರ ಬಲವನ್ನು ಲೆಕ್ಕಕ್ಕೆ ಹಿಡಿಯದೆ ಕೆಚ್ಚಿನ ಅಳತೆಯ ಮೇಲೆ ತೊಲೆಯ ಬಲ ಕಟ್ಟಬೇಕು.

ಇನ್ನು ಆ ಬಾಗಿದ ನೆತ್ತಿಗೆರೆ. ಹಸಿ ಓಕ್ ಭಾರ ಹೊತ್ತು ಒಣಗುವಾಗ ಬಾಗಿ ಹಾಗೆಯೇ ನಿಲ್ಲುತ್ತದೆ. ಅದರ ಸುತ್ತಲಿನ ಪಕಾಸು, ಕೀಲು, ಗಾರೆ, ಬಾಗಿಲಿನ ಚೌಕಟ್ಟು ಎಲ್ಲ ಆ ಬಾಗಿಗೆ ಹೊಂದಿಕೊಂಡೇ ಮುಂದಿನ ಕಾಲ ಕಳೆದಿರುತ್ತವೆ. ಜಾಕಿ ಇಟ್ಟು ನೇರ ಮಾಡಹೊರಟರೆ ಗೂಟ ಮುರಿಯುತ್ತದೆ, ಕೀಲಿನ ನಾಲಿಗೆ ಸೀಳುತ್ತದೆ, ಗಾರೆ ಉದುರುತ್ತದೆ. ತೊಲೆ ಮಾತ್ರ ತನ್ನ ಬಾಗನ್ನು ಬಿಡುವುದಿಲ್ಲ. ಬಾಗು ಎಷ್ಟಿದೆ ಎಂದು ಕೇಳುವುದಕ್ಕಿಂತ ಇನ್ನೂ ಬಾಗುತ್ತಿದೆಯೇ ಎಂದು ಕೇಳಬೇಕು. ಬಿರುಕಿನ ಎರಡೂ ಕಡೆ ಗುರುತು ಕೂರಿಸಿ, ಕನಿಷ್ಠ ನಾಲ್ಕೂ ಋತು ದಾಟುವಷ್ಟು ಕಾಲ ಅಳೆದರೆ ಉತ್ತರ ಸಿಗುತ್ತದೆ. ಚಳಿಗಾಲದಲ್ಲಿ ತೆರೆದು ಬೇಸಿಗೆಯಲ್ಲಿ ಮುಚ್ಚುವ ಬಿರುಕು ಮನೆಯ ಉಸಿರಾಟ, ಅದನ್ನು ತುಂಬಬಾರದು.

ಚಿಮಣಿಯ ಹತ್ತಿರ ಬೇರೆ ಸಮಸ್ಯೆ. ಟನ್‌ಗಟ್ಟಲೆ ತೂಕದ ಇಟ್ಟಿಗೆರಾಶಿ ತನ್ನದೇ ತಳಪಾಯದಲ್ಲಿ ಕುಸಿಯುತ್ತದೆ, ಚೌಕಟ್ಟು ತನ್ನದರಲ್ಲಿ. ಎರಡನ್ನೂ ಬಿಗಿಯಾಗಿ ಕಟ್ಟಿದರೆ ಒಂದು ಇನ್ನೊಂದನ್ನು ಎಳೆಯುತ್ತದೆ. ಮಾಡಿನಿಂದ ಚಿಮಣಿ ಹೊರಬರುವಲ್ಲಿ, ಹಾಗೆಯೇ ರೆಕ್ಕೆಗಳ ಮಾಡು ಮೂಲ ಮನೆಯ ಗೋಡೆಗೆ ಬಂದು ತಾಗುವಲ್ಲಿ, ಸೀಸದ ತಗಡನ್ನು ಎರಡು ತುಂಡಾಗಿ, ಒಂದರ ಮೇಲೊಂದು ಜಾರುವಂತೆ ಹಾಕುವುದು ಇದೇ ಕಾರಣಕ್ಕೆ. ಸೋರಿಕೆ ಹುಡುಕಲು ಹೋದವರು ಅಲ್ಲಿಂದ ಶುರುಮಾಡಿದರೆ ಸಮಯ ಉಳಿಯುತ್ತದೆ.

ಬಂದುಹೋಗುವವರ ಭಾರ

ಮನೆ ಸಾರ್ವಜನಿಕರಿಗೆ ತೆರೆಯುವುದು ಬೆಚ್ಚಗಿನ ತಿಂಗಳುಗಳಲ್ಲಿ. ಮರಕ್ಕೆ ಇದು ಹಿತ. ಹೊರಗೆ ಹಿಮ ಬಿದ್ದಾಗ ಒಳಗೆ 20 ಡಿಗ್ರಿಗೆ ಕಾಯಿಸಿದರೆ ಗಾಳಿ ಒಣಗಿ, ಶತಮಾನಗಳಿಂದ ಚಳಿಗೆ ಒಗ್ಗಿದ ಹಲಗೆಗಳು ಒಂದೇ ಚಳಿಗಾಲದಲ್ಲಿ ಸಂದು ಬಿಡುತ್ತವೆ.

ವಾಸದ ಮನೆಯ ನೆಲವನ್ನು ಚದರ ಮೀಟರಿಗೆ ಸುಮಾರು 150-200 ಕಿಲೋ ಭಾರಕ್ಕೆ ಲೆಕ್ಕ ಹಿಡಿಯುತ್ತಾರೆ, ಜನ ಗುಂಪುಗೂಡುವ ಜಾಗಕ್ಕೆ 400-500. ಈ ಅಂತರ ಮುಚ್ಚಲು ಜಂತೆಗಳ ಪಕ್ಕ ಉಕ್ಕು ಕೂರಿಸುವುದೊಂದು ದಾರಿ, ಒಮ್ಮೆಗೆ ಮೇಲೆ ಹತ್ತುವವರ ಸಂಖ್ಯೆ ಇಳಿಸುವುದು ಇನ್ನೊಂದು. ಎರಡನೆಯದಕ್ಕೆ ಒಂದು ಫಲಕವೂ ಒಬ್ಬ ಮಾರ್ಗದರ್ಶಿಯೂ ಸಾಕು, ಮರಕ್ಕೆ ಒಂದು ತೂತೂ ಬೀಳುವುದಿಲ್ಲ. ಬೆಂಕಿಯ ವಿಷಯದಲ್ಲಿ ಮಾತ್ರ ತೂತು ಉಳಿಸುವ ಜಿಪುಣತನ ಸಲ್ಲದು. ಮಿಂಚುವಾಹಕ, ಹೊಗೆ ಪತ್ತೆ ಸಾಧನ ಬೇಕು. ರಿಪೇರಿಯ ದಿನಗಳಲ್ಲಿ ಬ್ಲೋಟಾರ್ಚ್, ವೆಲ್ಡಿಂಗ್ ಒಳಗೆ ಬರಕೂಡದು. ಹಳೆಯ ಮರದ ಕಟ್ಟಡಗಳು ರಿಪೇರಿಯ ಹೊತ್ತಿಗೇ ಹೆಚ್ಚು ಸುಟ್ಟಿವೆ.

ಕಡತದಲ್ಲಿ ಏನಿರಬೇಕು

ಮರದ ಪಾರಂಪರಿಕ ಕಟ್ಟಡಗಳ ಸಂರಕ್ಷಣೆಗೆ, ಸ್ಮಾರಕಗಳ ಅಂತರರಾಷ್ಟ್ರೀಯ ಮಂಡಳಿಯಾದ ಐಕೊಮೊಸ್ ಸಂಸ್ಥೆ 2017ರಲ್ಲಿ ದೆಹಲಿಯಲ್ಲಿ ಸೇರಿದಾಗ ಪರಿಷ್ಕೃತ ತತ್ವಗಳನ್ನು ಒಪ್ಪಿಕೊಂಡಿತು. ಮುಟ್ಟುವುದು ಕನಿಷ್ಠವಿರಲಿ, ಆಮೇಲೆ ಸೇರಿದ್ದಕ್ಕೂ ಬೆಲೆಯಿದೆ, ಮಾಡಿದ್ದೆಲ್ಲ ದಾಖಲಾಗಲಿ ಎಂಬುದು ಅದರ ತಿರುಳು. ಜಪಾನಿನ ನಾರಾದಲ್ಲಿ ಸೇರಿದ ತಜ್ಞರ 1994ರ ನಾರಾ ದಾಖಲೆಯೂ ನೈಜತೆಯನ್ನು ವಸ್ತುವಿನಲ್ಲಿ ಮಾತ್ರ ಹುಡುಕದೆ ರೂಪ, ಬಳಕೆ, ಕಸಬು, ನೆಲೆಗಳಲ್ಲೂ ನೋಡಲು ಹೇಳಿತ್ತು.

ಈ ಮನೆಯ ಮಟ್ಟಿಗೆ ಇದನ್ನು ಕೆಲಸಕ್ಕೆ ತರುವುದೆಂದರೆ ಕೋಣೆಕೋಣೆಗೂ ತೊಲೆಕಂಬಗಳ ಪಟ್ಟಿ ಮಾಡುವುದು. ಒಂದೊಂದರ ಎದುರಿಗೂ ಮರದ ಜಾತಿ, ಅಳತೆ, ಗರಗಸದ ಗುರುತೋ ಬಾಚಿಯ ಗುರುತೋ, ಬಿಳಿಮರ ಎಷ್ಟು ಉಳಿದಿದೆ, ಕೀಲಿನ ಬಗೆ, ಮೈಮೇಲಿನ ಗೀರು, ಹೊಗೆಯ ಕಪ್ಪು, ಖಾಲಿ ಉಳಿದ ಕಿಂಡಿ. ಕೊನೆಯದನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಯಾವ ತೊಲೆಯೂ ಕೂರದ ಕಿಂಡಿ ಎಂದರೆ ಅಲ್ಲೊಂದು ಗೋಡೆಯೋ ಕಿಟಕಿಯೋ ಮೆಟ್ಟಿಲೋ ಇತ್ತು, ಅಥವಾ ಆ ಮರ ಬೇರೆ ಕಟ್ಟಡದಿಂದ ಬಂದದ್ದು. ಎರಡೂ ಮನೆಯ ಚರಿತ್ರೆಯನ್ನೇ ಬದಲಿಸುವ ಸಂಗತಿ. ಈ ಪಟ್ಟಿ ಕೈಯಲ್ಲಿದ್ದರೆ ಯಾವ ತೊಲೆಗೆ ಕೈಹಚ್ಚಬಹುದು, ಯಾವುದಕ್ಕೆ ಕೂಡದು ಎಂಬುದು ಗುತ್ತಿಗೆದಾರ ಬರುವ ಮೊದಲೇ ತೀರ್ಮಾನವಾಗಿರುತ್ತದೆ.

ಬದಲಿಸಿದ ಪ್ರತಿ ತುಂಡಿನ ಮೇಲೂ, ಜೋಡಣೆಯ ಒಳಮುಖದಲ್ಲಿ ಅಥವಾ ಕಣ್ಣಿಗೆ ಬೀಳದ ಮೇಲ್ಮೈಯಲ್ಲಿ, ವರ್ಷವನ್ನು ಕಾದ ಮುದ್ರೆಯಿಂದ ಒತ್ತಬೇಕು. ಬಣ್ಣದಲ್ಲಿ ಬರೆದರೆ ಅಳಿಸುತ್ತದೆ, ತಗಡು ಹೊಡೆದರೆ ಕಳಚುತ್ತದೆ. ತೆಗೆದ ಹಳೆಯ ತುಂಡಿನಲ್ಲಿ ಬಿಳಿಮರದ ಅಂಚೋ ಕೀಲೋ ಇದ್ದರೆ ಅದೇ ವರ್ಷ ಮತ್ತು ಅದೇ ಪಟ್ಟಿಯ ಸಂಖ್ಯೆ ಬರೆದು, ಮನೆಯ ಅಟ್ಟದಲ್ಲೇ, ಒಣ ಜಾಗದಲ್ಲಿ, ನೆಲಕ್ಕೆ ತಾಗದಂತೆ ಇಡಬೇಕು.